ಜೇನಿನ ಡ್ರಮ್ಮಿಗೆ ಟ್ಯಾಕ್ ಹಾಕಿದ್ದು



ನಮ್ಮ ದೊಡ್ಡಪ್ಪ ಅಡಿಕೆ ತೋಟದಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದಾರೆ. ಜೇನು ತೆಗೆಯಲು ಅವರಲ್ಲಿ ಒಂದು ಸ್ಟೈನ್‌ಲೆಸ್ ಸ್ಟೀಲಿನ ಡ್ರಮ್ಮು ಉಂಟು. ಅದರೊಳಗೆ ಎರಿಯ ಚೌಕಟ್ಟು ಇಟ್ಟು ಹಿಡಿ ತಿರುಗಿಸಿದರೆ ಜೇನು ಹಾರಿ ಡ್ರಮ್ಮಿನ ಗೋಡೆಗೆ ಬಡಿದು ಕೆಳಗಿಳಿಯುತ್ತದೆ. ಎರಿ ಹಾಳಾಗುವುದಿಲ್ಲ, ಪುನಃ ಹುಳಗಳಿಗೇ ಕೊಡಬಹುದು.

ಕಳೆದ ವರ್ಷ ಆ ಡ್ರಮ್ಮಿನ ಜೋಡು ಒಂದು ಕಡೆ ಬಿಟ್ಟಿತು. ರಬ್ಬರಿನ ಹೊಸ ಎಲೆ ಬಂದು ಜೇನು ಒಳ್ಳೆ ಆಗುವ ಸಮಯ. ಬೆಳಿಗ್ಗೆ ನೋಡಿದರೆ ನೆಲದಲ್ಲೆಲ್ಲಾ ಜೇನು, ಮೇಲೆ ಇರುವೆಗಳ ಸಾಲು! ದೊಡ್ಡಪ್ಪ ಒಂದು ಮಾತೂ ಆಡಲಿಲ್ಲ. ಅವತ್ತು ಕಾಫಿಯೂ ಕುಡಿಯಲಿಲ್ಲ.

ಸುಳ್ಯದಲ್ಲಿ ವೆಲ್ಡಿಂಗ್ ಕೆಲಸ ಮಾಡುವ ನನ್ನ ಮಾವ ಅದನ್ನು ನೋಡಿ, "ಭಾವಾ, ಇದು ಟ್ಯಾಕ್ ಹಾಕದೆ ಒಂದು ತುದಿಯಿಂದ ಎಳೆದದ್ದು. ತಗಡು ಸೊಟ್ಟ ಆಗಿದೆ. ರಿಪೇರಿ ಬೇಡ, ಹೊಸತೇ ಮಾಡುವ" ಅಂದರು. ಈ ಬೇಸಿಗೆ ರಜೆಯಲ್ಲಿ ಮಾಡಿದರು. ನಾನು ಹತ್ತಿರ ನಿಂತು ನೋಡಿದೆ.

ಟ್ಯಾಕ್ ಅಂದರೆ ಎಂತ? ಟೈಲರ್ ಮಿಷನಿಗೆ ಹಾಕುವ ಮೊದಲು ಕೈಸೂಜಿಯಲ್ಲಿ ಅಲ್ಲಲ್ಲಿ ನೂಲು ಹಾಕಿ ಬಟ್ಟೆಯನ್ನು ಹಿಡಿಸಿಕೊಳ್ಳುತ್ತಾರಲ್ಲ, ಅದೇ. ಎರಡು ತಗಡಿನ ಅಂಚು ಜಾರದ ಹಾಗೆ ಅಲ್ಲಲ್ಲಿ ಹಾಕುವ ಚಿಕ್ಕ ಚಿಕ್ಕ ಬೆಸುಗೆಯ ಚುಕ್ಕೆ.

ಗೇಟಿಗೆ, ಕಿಟಕಿಯ ಸರಳಿಗೆ ರಾಡಿನ ವೆಲ್ಡಿಂಗ್ ಮಾಡುವುದನ್ನು ನೀವೆಲ್ಲ ನೋಡಿದ್ದೀರಿ. ಆದರೆ ಡ್ರಮ್ಮಿನ ತಗಡು ಬರೇ 1 ಮಿಲಿಮೀಟರ್ ದಪ್ಪ. ಅದಕ್ಕೆ ರಾಡು ಹಿಡಿದರೆ ತೂತು ಬೀಳುವುದೇ ಹೆಚ್ಚು. ಆದ್ದರಿಂದ ಟಿಗ್ ವೆಲ್ಡಿಂಗ್. ಇದರಲ್ಲಿ ಟಂಗ್‌ಸ್ಟನ್ ಎಂಬ ಲೋಹದ ಕಡ್ಡಿಯ ತುದಿಯಿಂದ ಬೆಂಕಿ ಹಾರುತ್ತದೆ. ಕಬ್ಬಿಣ ಕರಗುವುದು 1538 ಡಿಗ್ರಿಯಲ್ಲಿ, ಟಂಗ್‌ಸ್ಟನ್ ಕರಗಲು 3422 ಡಿಗ್ರಿ ಬೇಕು. ಹಾಗಾಗಿ ತಗಡು ಕರಗುತ್ತದೆ, ಕಡ್ಡಿ ಉಳಿಯುತ್ತದೆ. ಕಡ್ಡಿಯ ಸುತ್ತಲಿನಿಂದ ಆರ್ಗಾನ್ ಅನಿಲ ಬರುತ್ತಾ ಇರುತ್ತದೆ. ಕರಗಿದ ಲೋಹಕ್ಕೆ ಗಾಳಿಯ ಆಮ್ಲಜನಕ ತಾಗದ ಹಾಗೆ ಅದು ಮುಚ್ಚಿ ಹಿಡಿಯುತ್ತದೆ. ಆರ್ಗಾನ್ ನಾವು ಉಸಿರಾಡುವ ಗಾಳಿಯಲ್ಲೂ ಇದೆ, ನೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ. 1894ರಲ್ಲಿ ರ‍್ಯಾಲೆ ಮತ್ತು ರಾಮ್ಸೆ ಎಂಬ ವಿಜ್ಞಾನಿಗಳು ಅದನ್ನು ಕಂಡುಹಿಡಿದರು. ಯಾವುದರ ಜೊತೆಗೂ ಸೇರುವುದಿಲ್ಲ ಎಂದು ಗ್ರೀಕ್ ಭಾಷೆಯಲ್ಲಿ 'ಸೋಮಾರಿ' ಎಂಬ ಅರ್ಥದ ಹೆಸರು ಇಟ್ಟರಂತೆ. (ನಮ್ಮ ಕ್ಲಾಸಿನಲ್ಲೂ ಒಂದಿಬ್ಬರು ಆರ್ಗಾನ್ ಇದ್ದಾರೆ. ಹೆಸರು ಬರೆಯುವುದಿಲ್ಲ.) ಒಂದು ವಿಷಯ ಗೊತ್ತುಂಟಾ? ಹಳೇ ಕಾಲದ ಕರೆಂಟ್ ಬಲ್ಬಿನ ತಂತಿ ಟಂಗ್‌ಸ್ಟನ್, ಒಳಗೆ ತುಂಬಿಸುತ್ತಿದ್ದ ಅನಿಲದಲ್ಲಿ ಆರ್ಗಾನ್!

ಮಾವ ಮೊದಲು ಫ್ಯಾನ್ ಆಫ್ ಮಾಡಿದರು. ಸೆಕೆ ಅಂದರೆ ಸೆಕೆ. ಆದರೆ ಗಾಳಿ ಬೀಸಿದರೆ ಆರ್ಗಾನ್ ಹಾರಿಹೋಗಿ ಬೆಸುಗೆ ಕಪ್ಪಾಗುತ್ತದೆ. ಆಮೇಲೆ ತಗಡಿನ ಅಂಚಿನ ಎಣ್ಣೆ, ಧೂಳು ಒರೆಸಿ, ಎರಡು ಅಂಚು ಒಂದಕ್ಕೊಂದು ತಾಗುವ ಹಾಗೆ ಕ್ಲ್ಯಾಂಪ್ ಹಾಕಿದರು. ಸಂದು ಇದ್ದರೆ ಎರಡೂ ಅಂಚು ಬೇರೆ ಬೇರೆ ಕರಗಿ ಹಿಂದೆ ಸರಿದು ತೂತು ಆಗುತ್ತದಂತೆ. ಹಿಂಬದಿಗೆ ಒಂದು ತಾಮ್ರದ ಪಟ್ಟಿ ಇಟ್ಟರು. ತಾಮ್ರ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ. ಕರೆಂಟ್ 40 ಆಂಪಿಯರ್ ಹತ್ತಿರ ಇಟ್ಟುಕೊಂಡರು.

ಒಂದು ಟ್ಯಾಕಿಗೆ ಒಂದು ಸೆಕೆಂಡು ಸಾಕು. ಜೋಳದ ಕಾಳಿಗಿಂತಲೂ ಸಣ್ಣ ಚುಕ್ಕೆ. ಬೆಂಕಿ ನಿಂತ ಮೇಲೂ ಮಾವ ಕೈ ತೆಗೆಯಲಿಲ್ಲ. ಚುಕ್ಕೆ ತಣಿಯುವವರೆಗೆ ಅದರ ಮೇಲೆ ಅನಿಲ ಬೀಳಬೇಕು. ಮೊದಲು ಈ ತುದಿ, ನಂತರ ಆ ತುದಿ, ಆಮೇಲೆ ನಡು, ಮತ್ತೆ ಅವುಗಳ ನಡುವೆ. ಕೊನೆಗೆ ಸುಮಾರು ಇಂಚಿಗೊಂದು ಚುಕ್ಕೆ. "ಒಂದೇ ಕಡೆಯಿಂದ ಸಾಲಾಗಿ ಯಾಕೆ ಹಾಕುವುದಿಲ್ಲ?" ಎಂದು ಕೇಳಿದೆ. ಒಂದು ಮೀಟರ್ ಸ್ಟೈನ್‌ಲೆಸ್ ಸ್ಟೀಲನ್ನು 100 ಡಿಗ್ರಿ ಹೆಚ್ಚು ಬಿಸಿ ಮಾಡಿದರೆ ಸುಮಾರು 1.7 ಮಿಲಿಮೀಟರ್ ಉದ್ದವಾಗುತ್ತದೆ, ಸಾದಾ ಕಬ್ಬಿಣವಾದರೆ 1.2. ಅದೂ ಅಲ್ಲದೆ ಸ್ಟೈನ್‌ಲೆಸ್‌ನಲ್ಲಿ ಶಾಖ ಬೇಗ ಹರಡುವುದಿಲ್ಲ, ಇದ್ದಲ್ಲೇ ನಿಲ್ಲುತ್ತದೆ. ಬಿಸಿಯಾದ ಜಾಗ ಹಿಗ್ಗಿ, ತಣಿಯುವಾಗ ಎಳೆದು, ಮುಂದಿನ ಅಂಚುಗಳು ಒಂದರ ಮೇಲೊಂದು ಹತ್ತುತ್ತವೆ. ಹಪ್ಪಳ ಸುಡುವಾಗ ಮುದುಡುತ್ತದಲ್ಲ, ಹಾಗೆ. ಹಳೇ ಡ್ರಮ್ಮಿಗೆ ಆದದ್ದು ಇದೇ.

ಈಗ ನನ್ನ ಪೆದ್ದುತನ ಹೇಳುತ್ತೇನೆ. ಮಾವ ಪ್ರತಿ ಸಲ "ಆಚೆ ತಿರುಗು" ಅನ್ನುತ್ತಿದ್ದರು. ಒಂದೇ ಸೆಕೆಂಡು ಅಲ್ವಾ ಎಂದು ನಾನು ಬರಿ ಕಣ್ಣಲ್ಲಿ ಏಳೆಂಟು ಟ್ಯಾಕ್ ನೋಡಿಬಿಟ್ಟೆ. ಆಗ ಎಂತದೂ ಆಗಲಿಲ್ಲ. ರಾತ್ರಿ ಊಟ ಆಗಿ ಮಲಗಿದ ಮೇಲೆ ಕಣ್ಣೊಳಗೆ ಹೊಯಿಗೆ ಹಾಕಿ ತಿಕ್ಕಿದ ಹಾಗೆ ಉರಿ, ನೀರು. ದೀಪ ನೋಡಲಿಕ್ಕೆ ಆಗುವುದಿಲ್ಲ. ಅಮ್ಮ ತಣ್ಣೀರಿನ ಬಟ್ಟೆ ಇಡುತ್ತಾ ಬೆಳಗಿನವರೆಗೆ ಕೂತಿದ್ದರು. ಡಾಕ್ಟರ್ ಹೇಳಿದ್ದು, ಆ ಬೆಳಕಿನಲ್ಲಿರುವ ನೇರಳಾತೀತ ಕಿರಣ ಕಣ್ಣಿನ ಮೇಲ್ಪದರವನ್ನು ಸುಡುತ್ತದೆ, ಉರಿ ಗೊತ್ತಾಗುವುದು ಕೆಲವು ಗಂಟೆಯ ನಂತರ. ಎರಡು ದಿನದಲ್ಲಿ ಗುಣವಾಯಿತು. ಟ್ಯಾಕಿನಲ್ಲೇ ಮೋಸ ಜಾಸ್ತಿಯಂತೆ. ಸಣ್ಣ ಕೆಲಸ ಎಂದು ದೊಡ್ಡವರೂ ಕೆಲವರು ಕಪ್ಪು ಗಾಜು ಹಿಡಿಯದೆ ಕಣ್ಣು ಮುಚ್ಚಿ ಹಾಕುತ್ತಾರೆ.

ಡ್ರಮ್ಮು ಮನೆಗೆ ಬಂದ ದಿನ ದೊಡ್ಡಪ್ಪ ಅದರ ತುಂಬ ನೀರು ತುಂಬಿಸಿ, ಅಡಿಗೆ ಹಳೇ ಪೇಪರ್ ಹಾಸಿ ಇಟ್ಟರು. ಬೆಳಿಗ್ಗೆ ನಾವೆಲ್ಲ ಬಗ್ಗಿ ನೋಡಿದೆವು. ಪೇಪರ್ ಒಣಗಿಯೇ ಇತ್ತು, ಆದರೆ ಉದ್ದದ ಜೋಡು ತಳಕ್ಕೆ ಸೇರುವ ಮೂಲೆಯಲ್ಲಿ ಒಂದು ರೂಪಾಯಿಯಷ್ಟು ಒದ್ದೆ. ಫೋನಿನಲ್ಲಿ ಹೇಳಿದ್ದಕ್ಕೆ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿ ನಾನು ಅವಸರ ಮಾಡಿದೆ ಭಾವಾ, ಆದಿತ್ಯವಾರ ತನ್ನಿ" ಅಂದರು.

— 7ನೇ ತರಗತಿ