ಆಪರೇಷನ್ ಮುಗಿದರೆ ಚಿಕಿತ್ಸೆ ಮುಗಿಯಿತೇ?

ನನ್ನ ಖಾಲಾ ಮಗನಿಗೆ ಒಂಬತ್ತು ವರ್ಷ. ಬೆಳಿಗ್ಗೆ ಎದ್ದ ಕೂಡಲೇ ಅವನಿಗೆ ತಲೆನೋವು, ವಾಂತಿ. ಶಾಲೆ ತಪ್ಪಿಸಲು ನೆಪ ಎಂದು ನಾವೆಲ್ಲ ನಕ್ಕೆವು. ನಡೆಯುವಾಗ ತೂರಾಡತೊಡಗಿದ ಮೇಲೆ ಸ್ಕ್ಯಾನ್ ಮಾಡಿಸಿದರು. ಕಾಯಿಲೆಯ ಹೆಸರು ಮೆಡುಲೊಬ್ಲಾಸ್ಟೋಮಾ. ನಾನು ಕಾಮರ್ಸ್ ವಿದ್ಯಾರ್ಥಿ. ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಇದು ತಲೆಯ ಹಿಂಭಾಗದ ಕಿರುಮೆದುಳಿನಲ್ಲಿ ಹುಟ್ಟುವ ಕ್ಯಾನ್ಸರ್ ಗಡ್ಡೆ. ದೊಡ್ಡವರಲ್ಲಿ ಬಹಳ ಅಪರೂಪ, ಹೆಚ್ಚಾಗಿ ಮಕ್ಕಳಲ್ಲಿ ಕಾಣುತ್ತದೆ. ದೇಹದ ಸಮತೋಲನ ನೋಡಿಕೊಳ್ಳುವುದು ಕಿರುಮೆದುಳು, ಆದ್ದರಿಂದಲೇ ತೂರಾಟ. ಗಡ್ಡೆಯು ಮೆದುಳಿನ ದ್ರವದ ದಾರಿಗೆ ಅಡ್ಡವಾದಾಗ ಒತ್ತಡ ಹೆಚ್ಚಿ ತಲೆನೋವು, ವಾಂತಿ ಬರುತ್ತವೆ.

ಚಿಕಿತ್ಸೆಗೆ ಮೂರು ಹಂತಗಳಿವೆ. ಮೊದಲು ಆಪರೇಷನ್. ಗಡ್ಡೆಯನ್ನು ಸಾಧ್ಯವಾದಷ್ಟೂ ತೆಗೆಯುತ್ತಾರೆ. ಆದರೆ ಇದರ ಕಣಗಳು ದ್ರವದ ಮೂಲಕ ಬೆನ್ನುಹುರಿಗೆ ಹರಡಬಲ್ಲವು. ಹೀಗಾಗಿ ಎರಡನೆಯದು, ಮೆದುಳು ಮತ್ತು ಬೆನ್ನುಹುರಿಗೆ ರೇಡಿಯೇಷನ್. ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಸುಮಾರು 6 ವಾರ, ಅಂದರೆ 30 ಸಲ. ಮೂರನೆಯದು ತಿಂಗಳುಗಟ್ಟಲೆ ಕೀಮೋಥೆರಪಿ. 3 ವರ್ಷದೊಳಗಿನ ಮಕ್ಕಳಿಗೆ ಮಾತ್ರ ರೇಡಿಯೇಷನ್ ಅನ್ನು ಆದಷ್ಟು ಮುಂದೂಡುತ್ತಾರೆ, ಬೆಳೆಯುವ ಮೆದುಳಿಗೆ ಅದು ಹಾನಿ ಮಾಡುತ್ತದೆ.

ಆಪರೇಷನ್ ಆದ ಮೇಲೆ ಹುಡುಗ ಚೆನ್ನಾಗಿಯೇ ಇದ್ದ. "ಇನ್ನು ಅಂಗಡಿ ತೆರೆಯಬಹುದಲ್ಲ" ಎಂದರು ಖಾಲೂ. ಡಾಕ್ಟರ್ ಒಪ್ಪಲಿಲ್ಲ. ರೇಡಿಯೇಷನ್ ತಡವಾದರೆ ಅಥವಾ ಮಧ್ಯೆ ನಿಂತರೆ ಗಡ್ಡೆ ಮರಳುವ ಅಪಾಯ ಹೆಚ್ಚು ಎಂದರು. ಪೂರ್ತಿ ಚಿಕಿತ್ಸೆ ಪಡೆದ, ಕಾಯಿಲೆ ಹರಡಿರದ ಮಕ್ಕಳಲ್ಲಿ 100ಕ್ಕೆ 70ಕ್ಕಿಂತ ಹೆಚ್ಚು ಮಂದಿ 5 ವರ್ಷದ ನಂತರವೂ ಬದುಕಿರುತ್ತಾರೆ. ಹರಡಿದ್ದರೆ ಈ ಸಂಖ್ಯೆ ಇಳಿಯುತ್ತದೆ. ಗುಣವಾದವರಿಗೂ ಎತ್ತರ, ಹಾರ್ಮೋನ್, ನೆನಪಿನ ಶಕ್ತಿಯ ತೊಂದರೆ ಉಳಿಯಬಹುದು. ಅವರು ಶಾಲೆಗೆ ಮರಳಿದಾಗ ಪಾಠಕ್ಕೆ ಹೆಚ್ಚು ಸಮಯ ಕೊಡಬೇಕು.

ಚಾಮರಾಜಪೇಟೆಯಿಂದ ನಿಮ್ಹಾನ್ಸ್ ಮತ್ತು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಒಂದು ಬಸ್ ಪ್ರಯಾಣದಷ್ಟೇ ದೂರ. ದೂರದ ಜಿಲ್ಲೆಯಿಂದ ಬಂದವರಿಗೆ 6 ವಾರ ಊಟ, ವಸತಿ, ಕಳೆದುಕೊಂಡ ಕೂಲಿ ಎಲ್ಲವೂ ಖರ್ಚೇ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಆದರೆ ಕೂಲಿಯ ನಷ್ಟ ಆ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮ ಹುಡುಗನ 30 ದಿನ ಮುಗಿದಿವೆ, ಕೀಮೋ ನಡೆಯುತ್ತಿದೆ. ನಿಮ್ಮ ಮನೆಯ ಮಗುವಿಗೆ ಬೆಳಗಿನ ತಲೆನೋವು, ವಾಂತಿ, ತೂರಾಟ ಒಟ್ಟಿಗೆ ಕಂಡರೆ ನಮ್ಮಂತೆ ನಗಬೇಡಿ. ಅಂದೇ ಡಾಕ್ಟರಿಗೆ ತೋರಿಸಿ.