ಗಣಕದ ಲೆಕ್ಕ ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ



ಸಂಘದ ಲೆಕ್ಕಪತ್ರಗಳನ್ನು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನಿಂದ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬುದಕ್ಕೆ ವರ್ಗಾಯಿಸುವ ಕೆಲಸ ನಡೆದಿದೆ. ಹಳೆಯದು ನಡೆಯುತ್ತಿತ್ತಲ್ಲ ಎಂದು ಹಲವರು ಕೇಳಿದ್ದೀರಿ. ನಾವು ಬಳಸುತ್ತಿದ್ದ 5.7ನೆಯ ಆವೃತ್ತಿಗೆ ತಯಾರಕರ ದುರಸ್ತಿ 2023ರ ಅಕ್ಟೋಬರಿನಲ್ಲಿ ನಿಂತಿತು. ನಾವು ಕೊಂಡ ಹೊಸ ಲೆಕ್ಕದ ತಂತ್ರಾಂಶವೋ ಪೋಸ್ಟ್‌ಗ್ರೆಸ್‌ಕ್ಯೂಎಲ್ ಮೇಲೆಯೇ ನಡೆಯತಕ್ಕದ್ದು.

ಇವೆರಡೂ ಒಂದೇ ಬುಡದವು. ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಲೇಖನವೇ ಅದರ ಮೂಲ. ಸದಸ್ಯರದೊಂದು ಪಟ್ಟಿ, ಮಾಲು ಬಂದದ್ದಕ್ಕೊಂದು, ಸಾಲಕ್ಕೊಂದು. ಮೂರನ್ನೂ ಸದಸ್ಯ ಸಂಖ್ಯೆಯಿಂದ ಹೊಂದಿಸಿ ನೋಡುವುದು. ನಮ್ಮ ಹಳೆಯ ಲೆಡ್ಜರುಗಳಲ್ಲಿ ಪುಟ ಸಂಖ್ಯೆ ಮಾಡುತ್ತಿದ್ದ ಕೆಲಸವೇ ಇದು. ಆದರೆ ಅಡಿಕೆ ಒಂದೇ ಆದರೂ ಮಲೆನಾಡಿನಲ್ಲಿ ಬೇಯಿಸಿ ಕೆಂಪು ಮಾಡುವುದು ಒಂದು ಪದ್ಧತಿ, ಕರಾವಳಿಯಲ್ಲಿ ಒಣಗಿಸಿ ಚಾಲಿ ಮಾಡುವುದು ಇನ್ನೊಂದು. ಇಲ್ಲಿಯೂ ಹಾಗೆಯೇ.

ನಾವು ಎಡವಿದ್ದು ತಾರೀಖಿನಲ್ಲಿ. ಸಾಲದ ಪಟ್ಟಿಯಲ್ಲಿ ‘ಕೊನೆಯ ಬಡ್ಡಿ ಪಾವತಿಯ ತಾರೀಖು’ ಎಂಬ ಕಲಮು ಇದೆ. ಸಾಲ ಪಡೆದು ಇನ್ನೂ ಬಡ್ಡಿ ಕಟ್ಟದವರಿಗೆ ಅಲ್ಲಿ ಬರೆಯಲು ಏನೂ ಇಲ್ಲ. ಸಡಿಲವಾಗಿ ಹೊಂದಿಸಿದ್ದ ನಮ್ಮ ಹಳೆಯ ವ್ಯವಸ್ಥೆ ಅಲ್ಲಿ ವರ್ಷ, ತಿಂಗಳು, ದಿನ ಎಲ್ಲಕ್ಕೂ ಸೊನ್ನೆ ಹಾಕಿ ಸುಮ್ಮನಿತ್ತು. ಹೊಸದು ಅಂಥ ತಾರೀಖನ್ನು ಒಪ್ಪುವುದೇ ಇಲ್ಲ, ವರ್ಗಾವಣೆ ನಿಂತಿತು. ಕೆಲಸ ವಹಿಸಿಕೊಂಡ ತರುಣರು ಮುಂದೆ ಸಾಗಲೆಂದು ಆ ಜಾಗಗಳಲ್ಲೆಲ್ಲ 1-1-1970 ಎಂದು ತುಂಬಿದರು. ಎಲ್ಲವೂ ಸಲೀಸಾಗಿ ಒಳಗೆ ಹೋಯಿತು. ಪರೀಕ್ಷಾರ್ಥವಾಗಿ ಬಡ್ಡಿ ಲೆಕ್ಕ ಹಾಕಿಸಿದಾಗ, ಹೋದ ವರ್ಷವಷ್ಟೇ ಸಾಲ ಪಡೆದ ಸದಸ್ಯರೊಬ್ಬರ ಬಡ್ಡಿ ಅಸಲನ್ನೂ ಮೀರಿತ್ತು. ನಮ್ಮ ಗುಮಾಸ್ತರು ಹಾಳೆ ಹಿಡಿದುಕೊಂಡು ಬಂದಾಗ ನಾವು ಮೊದಲು ಅವರನ್ನೇ ಗದರಿದೆವು. ಅದು ನಮ್ಮ ತಪ್ಪು.

ಸರಿಯಾದ ಮಾರ್ಗವೆಂದರೆ ಆ ಜಾಗವನ್ನು ‘ನಲ್’ ಎಂದು ಬಿಡುವುದು. ನಲ್ ಎಂದರೆ ಸೊನ್ನೆಯಲ್ಲ. ತಿಳಿದಿಲ್ಲ, ಅಥವಾ ಇನ್ನೂ ಇಲ್ಲ ಎಂದರ್ಥ. ತಕ್ಕಡಿಗೆ ಹಾಕಿ ಸೊನ್ನೆ ಕೆ.ಜಿ. ಎಂದು ಬರೆಯುವುದು ಬೇರೆ, ಮೂಟೆಯನ್ನು ಇನ್ನೂ ತೂಗಿಯೇ ಇಲ್ಲವೆನ್ನುವುದು ಬೇರೆ. ಸರಾಸರಿ ತೆಗೆಯುವಾಗ ಗಣಕ ನಲ್‌ಗಳನ್ನು ಬಿಟ್ಟು ಲೆಕ್ಕ ಹಾಕುತ್ತದೆ, ಸೊನ್ನೆಗಳನ್ನು ಬಿಡುವುದಿಲ್ಲ. ಆದರೆ ನಲ್‌ನಿಂದ ಬಡ್ಡಿ ಎಣಿಸಹೊರಟರೆ ಬಡ್ಡಿಯೂ ನಲ್ ಆಗಿ ಸಂಘಕ್ಕೇ ನಷ್ಟ! ಆದ್ದರಿಂದ ಪಾವತಿಯ ತಾರೀಖು ಇಲ್ಲದಿದ್ದರೆ ಸಾಲ ಕೊಟ್ಟ ದಿನದಿಂದ ಎಣಿಸತಕ್ಕದ್ದೆಂದು ಬರೆಸಿದ್ದೇವೆ.

ಕಾಫಿಯ ದರ್ಜೆಯಲ್ಲಿಯೂ ಒಂದು ತೊಡಕು ಬಂತು. ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದ ‘ಎಬಿ’, ಸಣ್ಣಕ್ಷರದಲ್ಲಿ ಬರೆದ ‘ಎಬಿ’ ನಮ್ಮ ಹಳೆಯದಕ್ಕೆ ಒಂದೇ, ಹೊಸದಕ್ಕೆ ಎರಡು. ಒಂದನ್ನು ಹುಡುಕಿದರೆ ಇನ್ನೊಂದರ ಚೀಲಗಳು ಲೆಕ್ಕಕ್ಕೆ ಸಿಗವು. ಎಲ್ಲವನ್ನೂ ದೊಡ್ಡಕ್ಷರಕ್ಕೆ ತಿದ್ದಿಸಿದೆವು. ರಸೀದಿ ಸಂಖ್ಯೆಯ ಎಣಿಕೆಯೂ ತಾನಾಗಿ ಮುಂದುವರಿಯುವುದಿಲ್ಲ. ಹಳೆಯ ಕೊನೆಯ ಸಂಖ್ಯೆಗೆ ನಾವೇ ಹೊಂದಿಸಬೇಕು.

ಒಟ್ಟು ಮೊತ್ತ ತಾಳೆಯಾಯಿತೆಂದು ನಿಶ್ಚಿಂತರಾಗುವಂತಿಲ್ಲ. ಒಬ್ಬರ ಖಾತೆಯಲ್ಲಿ 500 ರೂಪಾಯಿ ಕಡಿಮೆಯಾಗಿ ಇನ್ನೊಬ್ಬರದರಲ್ಲಿ 500 ಹೆಚ್ಚಿದ್ದರೂ ಒಟ್ಟು ಸರಿಯೇ ಬರುತ್ತದೆ. ಆದಕಾರಣ ಸದಸ್ಯವಾರು ಶಿಲ್ಕು, ಸಾಲದ ಬಾಕಿ, ಮಾಲಿನ ತೂಕ ಇವನ್ನು ಎರಡೂ ಕಡೆಯಿಂದ ಮುದ್ರಿಸಿ ಒಂದೊಂದಾಗಿ ಹೋಲಿಸುತ್ತಿದ್ದೇವೆ. ಹಳೆಯ ಲೆಕ್ಕದಲ್ಲೇ ತಪ್ಪಿದ್ದರೆ ಈ ಹೋಲಿಕೆಯಿಂದ ಅದು ಹೊರಬೀಳದು. ಅದಕ್ಕೆ ತಮ್ಮ ಕೈಯಲ್ಲಿರುವ ಪಾಸ್‌ಬುಕ್ಕೇ ಆಧಾರ. ಮುಂದಿನ ಸಲ ಮಾಲು ತರುವಾಗ ಪಾಸ್‌ಬುಕ್ಕನ್ನೂ, ಬಡ್ಡಿ ಕಟ್ಟಿದ ರಸೀದಿಗಳನ್ನೂ ದಯವಿಟ್ಟು ಜೊತೆಗೆ ತನ್ನಿ. ಹೋಲಿಕೆ ಪೂರ್ತಿಯಾಗುವವರೆಗೆ ಹಳೆಯ ಗಣಕವನ್ನು ನಾವು ತೆಗೆಯುವುದಿಲ್ಲ.