ಮುತ್ತಜ್ಜಿಯ ತವರು ಯಾವೂರು?

ಹಾಸನ ಸೀಮೆಯ ಇಬ್ಬರು ಎಲ್ಲೇ ಸಿಕ್ಕರೂ ನಾಲ್ಕು ಮಾತು ಮುಗಿಯುವಷ್ಟರಲ್ಲಿ ಏನೋ ಒಂದು ನಂಟು ಹೊರಡುತ್ತದೆ. ಆ ನಂಟು ಯಾವ ಹಿರಿಯರಲ್ಲಿ ಕೂಡುತ್ತದೆ ಎಂದು ಪತ್ತೆ ಮಾಡಬೇಕೆ?

1. ಮೊದಲು ಅಜ್ಜಿಯ ಹತ್ತಿರ ಕೂರಿ. ಪಹಣಿ, ಖಾತೆಗಳಲ್ಲಿ ಹೆಚ್ಚಾಗಿ ಗಂಡಸರದೇ ಹೆಸರು. ಅವನ್ನು ಮುಂದಿನ ತಿಂಗಳೂ ನೋಡಬಹುದು. ಹೆಂಗಸರ ಕಡೆಯ ಹಾದಿ ಉಳಿದಿರುವುದು ಬಾಯಿಮಾತಿನಲ್ಲಿ. “ವಂಶ ಹೇಳಜ್ಜಿ” ಅಂದರೆ ಆಕೆ ತಡವರಿಸುತ್ತಾಳೆ. “ನಿಮ್ಮಮ್ಮ ನಿನ್ನ ಹೆರೋಕೆ ಯಾವೂರಿಗೆ ಹೋಗಿದ್ರು?” ಅಂತ ಕೇಳಿ. ಮುತ್ತಜ್ಜಿಯ ತವರು ತಾನಾಗಿ ಹೊರಬರುತ್ತದೆ.

2. ಇನಿಷಿಯಲ್ ಬಿಡಿಸಿ. ಎಚ್.ಡಿ. ದೇವೇಗೌಡರ ಹೆಸರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಿದೆ, ತಂದೆ ದೊಡ್ಡೇಗೌಡರಿದ್ದಾರೆ. ಸಂಗೀತ ವಿದ್ವಾಂಸ ಆರ್.ಕೆ. ಶ್ರೀಕಂಠನ್ ಅವರ ಹೆಸರಲ್ಲಿ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ, ತಂದೆ ಕೃಷ್ಣಶಾಸ್ತ್ರಿ. ಊರು, ತಂದೆ ಎರಡೂ ಸಿಕ್ಕವು. ತಾಯಿ ಮಾತ್ರ ಇಲ್ಲ.

3. ವಂಶವೃಕ್ಷ ಬರೆಯುವಾಗ ಸೋದರ ಸಂಬಂಧದ ಮದುವೆಗಳಿಗೆ ಕೆಂಪು ಗೆರೆ ಹಾಕಿ. ಅಪ್ಪನ ಕಡೆ, ಅಮ್ಮನ ಕಡೆ ಎರಡೂ ಒಂದಾಗುವುದು ಅಲ್ಲೇ. ಅಪ್ಪ ತನ್ನ ಸೋದರಮಾವನ ಮಗಳನ್ನೇ ತಂದಿದ್ದರೆ ನಿಮಗೆ ಮುತ್ತಾತ ಮುತ್ತಜ್ಜಿಯರು 8 ಜನ ಇರುವುದಿಲ್ಲ, 6 ಜನ. ಅಕ್ಕನ ಮಗಳನ್ನು ಮದುವೆಯಾಗಿದ್ದರೆ ಇನ್ನೂ ಸೋಜಿಗ: ಅಪ್ಪನನ್ನು ಹೆತ್ತ ತಾತ ಅಜ್ಜಿಯೇ ಅಮ್ಮನ ಕಡೆಯಿಂದ ಮುತ್ತಾತ ಮುತ್ತಜ್ಜಿ! ಇದನ್ನು ತಪ್ಪು ಎಂದುಕೊಂಡು ಅಳಿಸಿಬಿಡಬೇಡಿ.

4. ಪಿತೃಪಕ್ಷಕ್ಕೆ ಊರಿಗೆ ಹೋಗಿ. ಎಡೆಯ ಮುಂದೆ ಇಟ್ಟ ಪಂಚೆ ಯಾರಿಗೆ, ಸೀರೆ ಯಾರಿಗೆ ಎಂದು ಒಂದೊಂದಾಗಿ ಕೇಳಿ ಬರೆದುಕೊಳ್ಳಿ. ತರ್ಪಣ ಬಿಡುವ ಮನೆಗಳಲ್ಲಂತೂ ತಂದೆಯ ಕಡೆ ಮೂರು ತಲೆಮಾರು, ತಾಯಿಯ ತಂದೆಯಿಂದ ಮೇಲಕ್ಕೆ ಮೂರು ತಲೆಮಾರು ಗೋತ್ರದ ಸಮೇತ ಸಿಗುತ್ತವೆ.

5. ಬರೀ ಹೆಸರನ್ನು ನಂಬಬೇಡಿ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ನಾಡಿದು. ಪ್ರತಿ ಹೆಸರಿನ ಪಕ್ಕ ಹೆಂಡತಿಯ ಹೆಸರು, ಆಕೆಯ ತವರೂರು ಇರಲಿ.

6. ಮನೆದೇವರು ಒಂದೇ ಆದರೆ ಅದು ಸುಳಿವು, ಸಾಕ್ಷಿಯಲ್ಲ.

7. ಮುಳುಗಿದ ಊರನ್ನು ಮರೆಯಬೇಡಿ. 1979ರಲ್ಲಿ ಗೊರೂರು ಅಣೆಕಟ್ಟು ಮುಗಿಯಿತು. ಹೇಮಾವತಿಯ ಹಿನ್ನೀರಿಗೆ ಎಷ್ಟೋ ಹಳ್ಳಿಗಳು ಹೋದವು. ಶೆಟ್ಟಿಹಳ್ಳಿಯ ಚರ್ಚಿನ ಗೋಡೆಗಳು ಬೇಸಿಗೆಯಲ್ಲಿ ನೀರಿಳಿದಾಗ ಈಗಲೂ ಕಾಣುತ್ತವೆ. ಅಂಥ ಮುಳುಗಿದ ಊರಿನಿಂದ ಎದ್ದು ಬಂದ ಮನೆತನವಾದರೆ ಹಳೇ ದಾಖಲೆ ಕೇಳುವಾಗ ಈಗಿನ ಊರಿನ ಜೊತೆಗೆ ನೀರಿನಡಿಯ ಊರಿನ ಹೆಸರನ್ನೂ ಬರೆದುಕೊಡಿ. ಆ ಹೆಸರು ಗೊತ್ತಿರುವುದೂ ಬಹುಶಃ ಅಜ್ಜಿಗೇ.